ಗೋರಿ ಕಾಯೋರು ಯಾರು?

ಗೌರಸಮುದ್ರದಿಂದ ಒಂದು ಫೋನ್ ಬಂತು. ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ. ಆ ಹೆಸರು ಕೇಳಿದ ಕೂಡಲೇ ಮಾರಮ್ಮ ನೆನಪಾಗ್ತಾಳೆ. ತುಮಲಿನ ಜಾತ್ರೆ, ಆಂಧ್ರದ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬರೋ ಜನ, ದೇವಿಯತ್ತ ಈರುಳ್ಳಿ ತೂರಿ ಹರಕೆ ತೀರಿಸೋ ಭಕ್ತರು ಕಣ್ಣ ಮುಂದೆ ಬರ್ತಾರೆ. ಫೋನ್ ಮಾಡಿದವರು ಶೇಂಗಾ ಬೆಳೆಯೋ ರೈತರು. ಅವರು ಕೇಳಿದ್ದು ಜಾತ್ರೆ ವಿಚಾರ ಅಲ್ಲ, ಬೆಲೆ ವಿಚಾರಾನೂ ಅಲ್ಲ.

"ಸಾರ್, ನಮ್ಮ ಹುಡುಗ ಮೊಬೈಲಲ್ಲಿ ಒಂದು ಗೇಮ್ ಆಡ್ತಾನೆ. ಅದರಲ್ಲಿ ಗೋರಿ ಒಳಗೆ ಇಳೀಬೇಕಂತೆ. ಬಟ್ಟೆ ಸುತ್ತಿದ ಹೆಣಗಳು ಎದ್ದು ಬರ್ತವೆ, ಅವು ಕಾವಲಂತೆ. ಅವನ್ನ ಹೊಡೆದು ಕೆಡವಿದ್ರೆ ಬಂಗಾರದ ಪೆಟ್ಟಿಗೆ ಸಿಗುತ್ತಂತೆ. ಈಗ ಅವನು ಕೇಳ್ತಾನೆ, ಅಪ್ಪಾ, ಬ್ರಹ್ಮಗಿರಿ ಹತ್ರ ಕಲ್ಲಿನ ಗೋರಿಗಳಿವೆಯಲ್ಲ, ಅವನ್ನೂ ಹಿಂಗೇ ಯಾರಾದ್ರೂ ಕಾಯ್ತಾರಾ ಅಂತ. ನಾನೇನು ಹೇಳ್ಲಿ?"

ಮಕ್ಕಳಾಟ ಅಂತ ನಕ್ಕು ಫೋನ್ ಇಡಬಹುದಿತ್ತು. ಆದರೆ ಕೇಳಿದ ಜಾಗ ಯಾವುದು ನೋಡಿ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆ. ಸತ್ತವರು ಗೋರಿ ಕಾಯ್ತಾರೆ, ನಿಧಿಗೆ ಕಾವಲು ಇರುತ್ತೆ ಅನ್ನೋ ನಂಬಿಕೆಯಿಂದ ಅಲ್ಲಿ ಜೀವ ಹೋದ ಪ್ರಕರಣ ವರದಿಯಾಗಿದೆ. ಆ ವಿಚಾರಕ್ಕೆ ಆಮೇಲೆ ಬರ್ತೀನಿ. ಮೊದಲು ಆ ಬಟ್ಟೆ ಸುತ್ತಿದ ಹೆಣದ ಕಥೆ ಮುಗಿಸೋಣ.

ಈಜಿಪ್ಟಿನವರು ಹೆಣವನ್ನು ಕೆಡದಂತೆ ಉಳಿಸುತ್ತಿದ್ದರು, ನಿಜ. ಹೊಟ್ಟೆಯೊಳಗಿನ ಅಂಗಗಳನ್ನು ತೆಗೆದು, ನೇಟ್ರಾನ್ ಅನ್ನೋ ಉಪ್ಪಿನಲ್ಲಿ ದೇಹ ಒಣಗಿಸಿ, ನಾರುಬಟ್ಟೆ ಸುತ್ತಿ ಮುಗಿಸೋದಕ್ಕೆ ಸುಮಾರು 70 ದಿನ. ಹೃದಯವನ್ನು ಮಾತ್ರ ಒಳಗೇ ಬಿಡುತ್ತಿದ್ದರು, ಪರಲೋಕದಲ್ಲಿ ಅದನ್ನು ತೂಗಿ ನ್ಯಾಯ ಹೇಳ್ತಾರೆ ಅನ್ನೋ ನಂಬಿಕೆ. ಇಷ್ಟೆಲ್ಲ ಯಾಕೆ? ಸತ್ತ ಮೇಲೂ ಆತ್ಮಕ್ಕೆ ಒಂದು ಮನೆ ಬೇಕು, ಆ ದೇಹವೇ ಮನೆ. ಮಮ್ಮಿ ಅಂದರೆ ಗೋರಿಯ ಯಜಮಾನ, ವಾಚ್‌ಮ್ಯಾನ್ ಅಲ್ಲ. ಕಾವಲಿಗೆ ಬೇರೆ ಏರ್ಪಾಟು ಇತ್ತು. ಬಾಗಿಲಿಗೆ ದೊಡ್ಡ ಬಂಡೆ, ದಾರಿ ತಪ್ಪಿಸೋ ಸುರಂಗ, ಗೋಡೆ ಮೇಲೆ ಮಂತ್ರ, ನರಿಮುಖದ ಅನುಬಿಸ್ ದೇವರ ಮೂರ್ತಿ, ಹೊರಗಡೆ ಸ್ಮಶಾನದ ಪೊಲೀಸರು. ಥೇಟ್ ನಮ್ಮ ಹಾಗೇ, ದೇವರೂ ಬೇಕು, ಬೀಗಾನೂ ಬೇಕು.

ಆದರೂ ಕಳ್ಳತನ ತಪ್ಪಲಿಲ್ಲ. ಒಂಬತ್ತನೇ ರಾಮ್ಸೆಸ್ ಕಾಲದ, ಅಂದರೆ ಸುಮಾರು 3,100 ವರ್ಷ ಹಿಂದಿನ ಪೊಲೀಸ್ ವಿಚಾರಣೆಯ ದಾಖಲೆಗಳು ಪಪೈರಸ್ ಮೇಲೆ ಇವತ್ತಿಗೂ ಉಳಿದಿವೆ. ಅದರಲ್ಲಿ ಒಬ್ಬ ಕಲ್ಲುಕುಟಿಗ ತಪ್ಪೊಪ್ಪಿಗೆ ಕೊಡ್ತಾನೆ. ಸೊಬೆಕೆಮ್ಸಾಫ್ ಅನ್ನೋ ರಾಜನ ಗೋರಿಗೆ ಕನ್ನ ಹಾಕಿದೆವು, ಹೆಣದ ಮೇಲಿದ್ದ ಬಂಗಾರ ಕಿತ್ತುಕೊಂಡೆವು, ಪೆಟ್ಟಿಗೆಗಳಿಗೆ ಬೆಂಕಿ ಹಚ್ಚಿದೆವು ಅಂತ. ಮಮ್ಮಿ ಎದ್ದು ಬಂತಾ? ಕಳ್ಳರನ್ನು ಹಿಡಿದಿದ್ದು ಸರ್ಕಾರಿ ಅಧಿಕಾರಿಗಳು. ಕೊನೆಗೆ ಪುರೋಹಿತರೇ ಸೋತು, ಅಳಿದುಳಿದ ರಾಜರ ಹೆಣಗಳನ್ನೆಲ್ಲ ಒಟ್ಟುಮಾಡಿ ದೇರ್ ಎಲ್ ಬಹ್ರಿ ಅನ್ನೋ ಬೆಟ್ಟದ ಸಂದಿಯಲ್ಲಿ ಬಚ್ಚಿಟ್ಟರು. 1881ರಲ್ಲಿ ಆ ಗುಟ್ಟಿನ ಗುಹೆ ಅಧಿಕಾರಿಗಳಿಗೆ ಸಿಕ್ಕಾಗ ಒಳಗೆ ಎರಡನೇ ರಾಮ್ಸೆಸ್‌ನಂಥ ಚಕ್ರವರ್ತಿಯೂ ಮಲಗಿದ್ದ. ಲೋಕ ಆಳಿದ ರಾಜ, ತನ್ನ ಗೋರಿ ತಾನು ಕಾಯೋಕೆ ಆಗದೆ ಬಾಡಿಗೆ ಕೋಣೆಯಲ್ಲಿ ಇದ್ದ ಹಾಗೆ.

ಆಮೇಲೆ ಯುರೋಪಿನವರ ಕಾಲ. ಅದು ಇನ್ನೂ ಘೋರ. ಹದಿನಾರು, ಹದಿನೇಳನೇ ಶತಮಾನದಲ್ಲಿ ಅಲ್ಲಿನ ಔಷಧಿ ಅಂಗಡಿಗಳಲ್ಲಿ ಮಮ್ಮಿಯ ಪುಡಿ ಮಾರುತ್ತಿದ್ದರು, ಜನ ನುಂಗುತ್ತಿದ್ದರು. ಚಿತ್ರಕಾರರು ಬಳಸುವ ಒಂದು ಕಂದು ಬಣ್ಣಕ್ಕೆ ಮಮ್ಮಿಯನ್ನೇ ಅರೆಯುತ್ತಿದ್ದರು, ಹೆಸರೂ ಮಮ್ಮಿ ಬ್ರೌನ್. 1830ರ ದಶಕದ ಲಂಡನ್ನಿನಲ್ಲಿ ಪೆಟಿಗ್ರೂ ಅನ್ನೋ ಶಸ್ತ್ರವೈದ್ಯ ಟಿಕೆಟ್ ಇಟ್ಟು, ಸಭಿಕರ ಎದುರು ಮಮ್ಮಿಯ ಬಟ್ಟೆ ಬಿಚ್ಚಿ ತೋರಿಸುತ್ತಿದ್ದ. ಹೆಣ ಮನುಷ್ಯನಿಗೆ ತೊಂದರೆ ಕೊಟ್ಟಿದ್ದಕ್ಕಿಂತ ಮನುಷ್ಯ ಹೆಣಕ್ಕೆ ಕೊಟ್ಟ ತೊಂದರೆ ದೊಡ್ಡದು.

ಹಾಗಾದರೆ ಕಾವಲು ಕಾಯೋ ಮಮ್ಮಿ ಎಲ್ಲಿಂದ ಬಂತು? ಇಲ್ಲಿ ನಮ್ಮ ವೃತ್ತಿಯವರ ಪಾತ್ರ ಇದೆ, ಕೇಳಿ. 1922ರ ನವೆಂಬರ್‌ನಲ್ಲಿ ಹೊವಾರ್ಡ್ ಕಾರ್ಟರ್ ಟುಟಂಖಾಮನ್ ಗೋರಿ ಪತ್ತೆ ಮಾಡಿದರು. ದುಡ್ಡು ಹಾಕಿದ್ದ ಲಾರ್ಡ್ ಕಾರ್ನಾರ್ವನ್, ಸುದ್ದಿಯ ಹಕ್ಕನ್ನು ಲಂಡನ್ನಿನ ಟೈಮ್ಸ್ ಪತ್ರಿಕೆಯೊಂದಕ್ಕೇ ಕೊಟ್ಟುಬಿಟ್ಟ. ಉಳಿದ ಪತ್ರಕರ್ತರು ಗೋರಿಯ ಹೊರಗೆ ಬಿಸಿಲಲ್ಲಿ ಕೂತರು. 1923ರ ಏಪ್ರಿಲ್ 5ಕ್ಕೆ ಸೊಳ್ಳೆ ಕಚ್ಚಿದ ಗಾಯ ನಂಜಾಗಿ ಕಾರ್ನಾರ್ವನ್ ಸತ್ತ. ಒಳಗಿನ ಸುದ್ದಿ ಸಿಗದವರಿಗೆ ಇನ್ನೇನು ಬೇಕು? ಶಾಪ, ಶಾಪ, ಶಾಪ! ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಬ್ರೇಕಿಂಗ್ ನ್ಯೂಸ್. ಗೋರಿಯನ್ನು ಮೊದಲು ತೆರೆದ ಕಾರ್ಟರ್ ಮಾತ್ರ 1939ರವರೆಗೆ ಬದುಕಿದ್ದರು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಬ್ಬ ಸಂಶೋಧಕರು, ಆ ಗೋರಿ ತೆರೆದಾಗ ಒಳಗಿದ್ದವರ ಆಯಸ್ಸು ಮತ್ತು ಆಗ ಈಜಿಪ್ಟಿನಲ್ಲಿದ್ದೂ ಒಳಗೆ ಹೋಗದವರ ಆಯಸ್ಸು ಎರಡನ್ನೂ ಹೋಲಿಸಿ ನೋಡಿದರು. ಶಾಪ ಅನ್ನೋದಕ್ಕೆ ಆಧಾರ ಸಿಗಲಿಲ್ಲ.

ಸಿನಿಮಾದವರು ಬಿಡ್ತಾರಾ? 1932ರಲ್ಲಿ ಬೋರಿಸ್ ಕಾರ್ಲಾಫ್ ನಟಿಸಿದ 'ದಿ ಮಮ್ಮಿ' ಬಂತು. ಅದರ ಚಿತ್ರಕಥೆ ಬರೆದ ಬಾಲ್ಡರ್‌ಸ್ಟನ್, ಟುಟಂಖಾಮನ್ ಸುದ್ದಿಯನ್ನು ವರದಿ ಮಾಡಿದ್ದ ಪತ್ರಕರ್ತರಲ್ಲೊಬ್ಬ! 1940ರ 'ದಿ ಮಮ್ಮೀಸ್ ಹ್ಯಾಂಡ್' ಚಿತ್ರದಲ್ಲಿ ಖಾರಿಸ್ ಅನ್ನೋ ಮಮ್ಮಿ ರಾಜಕುಮಾರಿಯೊಬ್ಬಳ ಗೋರಿ ಕಾಯೋಕೆ ನಿಂತಿತು. 1974ರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದ ರಾಕ್ಷಸರ ಪಟ್ಟಿಗೆ ಮಮ್ಮಿ ಸೇರಿತು. 1996ರ 'ಟೂಂಬ್ ರೈಡರ್' ಹೊತ್ತಿಗೆ ಮಮ್ಮಿಗೆ ಗುಂಡು ಹಾರಿಸೋದು ಪ್ರಪಂಚದ ಮಕ್ಕಳಿಗೆಲ್ಲ ಅಭ್ಯಾಸ ಆಯ್ತು. ಇನ್ನೊಂದು ಮಾತು. ಸತ್ತವನು ತನ್ನ ದಿಬ್ಬದೊಳಗೆ ಎದ್ದು ಕೂತು ಬಂಗಾರ ಕಾಯೋ ಕಥೆ ನಿಜವಾಗಿ ಇರೋದು ಐಸ್‌ಲ್ಯಾಂಡಿನ ಹಳೆಯ ಸಾಗಾ ಕಥೆಗಳಲ್ಲಿ. ಅಲ್ಲಿ ಅದಕ್ಕೆ ಡ್ರಾಗರ್ ಅಂತಾರೆ. ಗ್ರೆಟಿರ್ ಅನ್ನೋ ವೀರ ದಿಬ್ಬದೊಳಗೆ ಇಳಿದು ಅಂಥ ಹೆಣದ ಜೊತೆ ಕುಸ್ತಿ ಮಾಡಿ ಖಡ್ಗ ತರ್ತಾನೆ. ನನಗನ್ನಿಸೋದು ಇಷ್ಟೆ, ನಮ್ಮ ಹುಡುಗರು ಆಡೋ ಗೇಮಿನಲ್ಲಿ ಇರೋದು ಐಸ್‌ಲ್ಯಾಂಡಿನ ದೆವ್ವ, ಮೈಮೇಲೆ ಈಜಿಪ್ಟಿನ ಬಟ್ಟೆ.

ನಿಜವಾದ ಮಮ್ಮಿ ನೋಡಬೇಕಾದರೆ ಹೈದರಾಬಾದಿಗೆ ಹೋಗಿ. ಪಬ್ಲಿಕ್ ಗಾರ್ಡನ್ಸ್‌ನ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ಒಬ್ಬ ಹೆಣ್ಣುಮಗಳ ಮಮ್ಮಿ ಇದೆ, ನಿಜಾಮರ ಕಾಲದಲ್ಲಿ ಬಂದಿದ್ದು. ಕೆಡಲು ಶುರುವಾದಾಗ ತಜ್ಞರು ಸಾರಜನಕ ತುಂಬಿದ ಗಾಳಿಯಾಡದ ಪೆಟ್ಟಿಗೆಯಲ್ಲಿ ಇಟ್ಟರು. ಆಕೆ ಯಾರನ್ನೂ ಕಾಯುತ್ತಿಲ್ಲ. ಸಂಬಳದ ನೌಕರರು ಆಕೆಯನ್ನು ಕಾಯುತ್ತಿದ್ದಾರೆ.

ಈಗ ನಮ್ಮ ಊರಿಗೆ ಬರೋಣ. ಹುಡುಗ ಕೇಳಿದ್ದು ಬ್ರಹ್ಮಗಿರಿ ಬಗ್ಗೆ ಅಲ್ವಾ?

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹತ್ತಿರ ಬ್ರಹ್ಮಗಿರಿ ಬೆಟ್ಟ. ಶಾಲೆಯಲ್ಲಿ ಎಲ್ಲರೂ ಓದಿರ್ತೀರಿ, ಅಶೋಕನ ಶಾಸನ ಇರೋ ಜಾಗ. 1892ರಲ್ಲಿ ಬಿ.ಎಲ್. ರೈಸ್ ಈ ಸೀಮೆಯ ಮೂರು ಶಾಸನಗಳನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಅಕ್ಷರಗುಂಡು, ಸಿದ್ದಾಪುರದ ಎಮ್ಮೆತಮ್ಮನ ಗುಂಡು, ಜಟಿಂಗರಾಮೇಶ್ವರ ಬೆಟ್ಟದ ಬಳೆಗಾರರ ಗುಂಡು. ಬಳೆಗಾರರು ಜಾತ್ರೆಯಲ್ಲಿ ಬಳೆ ಹರವಿಕೊಂಡು ಕೂರುತ್ತಿದ್ದ ಬಂಡೆ ಅದು, ಕೂತೂ ಕೂತೂ ಅಶೋಕನ ಅಕ್ಷರಗಳೇ ಸವೆದುಹೋದವು. ಶಾಸನದಲ್ಲಿ ಇಸಿಲ ಅನ್ನೋ ಊರಿನ ಹೆಸರಿದೆ. ಅಂದರೆ 2,200 ವರ್ಷಕ್ಕೂ ಹಿಂದೆ ಇಲ್ಲಿ ಚಕ್ರವರ್ತಿಯ ಅಧಿಕಾರಿಗಳು ಕೂತ ಪಟ್ಟಣ ಇತ್ತು.

ಅಶೋಕನ ಬಂಡೆ ನೋಡೋಕೆ ಬರೋರು ಬೇಕಾದಷ್ಟು. ಪಕ್ಕದಲ್ಲಿ, ಬೆಟ್ಟದ ಬುಡದ ಬಯಲಲ್ಲಿ ಚೆಲ್ಲಿಕೊಂಡಿರೋ ಗೋರಿಗಳನ್ನು ನೋಡೋಕೆ ಬರೋರು ಕಮ್ಮಿ. ದುಂಡಗೆ ಜೋಡಿಸಿದ ಗುಂಡುಕಲ್ಲುಗಳು, ಒಳಗೆ ನೆಲದಲ್ಲಿ ಹುಗಿದ ಕಲ್ಲು ಚಪ್ಪಡಿಯ ಪೆಟ್ಟಿಗೆ. ಇಂಥವನ್ನು ಬೃಹತ್ ಶಿಲಾ ಗೋರಿ ಅಂತ ಪುಸ್ತಕದಲ್ಲಿ ಬರೀತಾರೆ. ಜನ ಮೋರ್ಯರ ಮನೆ ಅಂತಲೋ ಪಾಂಡವರ ಮನೆ ಅಂತಲೋ ಕರೀತಾರೆ. ಮೋರ್ಯರು ಅಂದರೆ ಅಶೋಕನ ವಂಶದವರು ಅಂದ್ಕೋಬೇಡಿ, ಜನಪದರ ಕಥೆಯಲ್ಲಿ ಅವರು ಕುಳ್ಳ ಜನ. ಆ ಪುಟ್ಟ ಕಲ್ಲುಮನೆಯಲ್ಲಿ ಇನ್ಯಾರು ಹಿಡೀತಾರೆ, ಅನ್ನೋ ಲೆಕ್ಕಾಚಾರ.

ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಮೊದಲೇ ಇಲ್ಲಿ ಅಗೆತ ನಡೆಸಿದ್ದರು. 1947ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಬಂದರು. ದೇಶ ಸ್ವಾತಂತ್ರ್ಯದ ಹೊಸ್ತಿಲಲ್ಲಿತ್ತು, ಇವರು ಮೊಳಕಾಲ್ಮೂರಿನ ಬಿಸಿಲಲ್ಲಿ ಮಣ್ಣಿನ ಪದರ ಎಣಿಸುತ್ತಿದ್ದರು. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ನರ ಕಾಲದ ಮಡಕೆ ಸಿಕ್ಕಿತ್ತು. ಅದರ ಕಾಲ ಗೊತ್ತು. ಅಂಥದೇ ಚೂರು ಇಲ್ಲಿಯ ಪದರದಲ್ಲಿ ಸಿಕ್ಕರೆ ಇಡೀ ದಕ್ಷಿಣ ಭಾರತದ ಇತಿಹಾಸಕ್ಕೆ ಒಂದು ತಾರೀಖು ಸಿಗುತ್ತೆ ಅನ್ನೋದು ಅವರ ಲೆಕ್ಕ. ಆ ಲೆಕ್ಕ ಕೂಡಿಬಂತು. ಕೆಳಗೆ ಕಲ್ಲುಕೊಡಲಿಯ ಜನ, ನಡುವೆ ಈ ಗೋರಿ ಕಟ್ಟಿದ ಕಬ್ಬಿಣದ ಜನ, ಮೇಲೆ ಶಾತವಾಹನರ ಕಾಲ. ಮೂರು ಪದರ. ಗೋರಿಗಳ ಕಾಲವನ್ನು ಮಾತ್ರ ವೀಲರ್ ತೀರಾ ಈಚೆಗೆ ತಂದಿದ್ದರು, ಕ್ರಿಸ್ತಪೂರ್ವ 200ರ ಆಸುಪಾಸಿಗೆ. ಆಮೇಲೆ ಹಾವೇರಿ ಜಿಲ್ಲೆಯ ಹಳ್ಳೂರಿನಂಥ ಕಡೆ ನಡೆದ ಅಗೆತಗಳಿಂದ, ನಮ್ಮ ಕಬ್ಬಿಣದ ಯುಗ ಕ್ರಿಸ್ತಪೂರ್ವ 1000ದ ಹೊತ್ತಿಗೇ ಶುರುವಾಗಿತ್ತು ಅಂತ ಗೊತ್ತಾಯ್ತು.

ಒಳಗೆ ಏನು ಸಿಕ್ಕಿತು? ಹುಡುಗ ಕೇಳೋದು ಅದನ್ನೇ ತಾನೇ.

ಕಲ್ಲು ಪೆಟ್ಟಿಗೆಯ ರಚನೆ ನೋಡಿದರೆ ಬೆರಗಾಗುತ್ತೆ. ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದ ಆಕಾರದಲ್ಲಿ ಒಂದಕ್ಕೊಂದು ಆತು ನಿಲ್ಲಿಸಿದ್ದಾರೆ. ಗಾರೆ ಇಲ್ಲ, ಮೊಳೆ ಇಲ್ಲ. ಮಣ್ಣು ಎಷ್ಟೇ ಒತ್ತಿದರೂ ಒಂದು ಚಪ್ಪಡಿ ಇನ್ನೊಂದನ್ನು ತಡೆದು ನಿಲ್ಲಿಸುತ್ತೆ. ಮೇಲೊಂದು ಮುಚ್ಚಳದ ಬಂಡೆ. ಪೂರ್ವದ ಚಪ್ಪಡಿಯಲ್ಲಿ ಒಂದು ದುಂಡನೆಯ ಕಿಂಡಿ.

ಈ ಕಿಂಡಿ ಬಹಳ ಮುಖ್ಯ. ಗೇಮಿನಲ್ಲಿ ಗೋರಿಯ ಬಾಗಿಲು ಯಾರೂ ಬರಬಾರದು ಅಂತ ಮುಚ್ಚಿರೋದು. ಬ್ರಹ್ಮಗಿರಿಯ ಕಿಂಡಿ ಮತ್ತೆ ಬರಬೇಕು ಅಂತ ಇಟ್ಟಿದ್ದು. ಒಂದೊಂದು ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಹಲವರ ಮೂಳೆ. ಒಂದೇ ದಿನ ಸತ್ತವರಲ್ಲ. ಇಲ್ಲಿ ಹೆಣವನ್ನು ಇಡಿಯಾಗಿ ಹೂಳುತ್ತಿರಲಿಲ್ಲ. ಬೇರೆ ಕಡೆ ಇಟ್ಟು, ಮಾಂಸ ಕರಗಿದ ಮೇಲೆ ಮೂಳೆಗಳನ್ನು ಆರಿಸಿ ತಂದು ಈ ಕಲ್ಲುಮನೆಗೆ ಸೇರಿಸುತ್ತಿದ್ದರು. ಬ್ರಹ್ಮಗಿರಿಯಲ್ಲಿ ಪೆಟ್ಟಿಗೆಯಿಲ್ಲದ, ಬರೀ ಗುಂಡಿಯ ಸುತ್ತ ಕಲ್ಲು ಜೋಡಿಸಿದ ವೃತ್ತಗಳೂ ಇವೆ. ಅವುಗಳಲ್ಲಿ ಮೂಳೆ ಸಿಗಲಿಲ್ಲ. ಹೆಣವನ್ನು ಮೊದಲು ಇಡುತ್ತಿದ್ದ ಜಾಗ ಇವೇ ಇರಬೇಕು ಅಂತ ವೀಲರ್ ಊಹಿಸಿದರು. ಅಜ್ಜನ ಮೂಳೆ ಇಟ್ಟಿದ್ದಾರೆ, ವರ್ಷಗಳಾದ ಮೇಲೆ ಅಜ್ಜಿಯದು, ಆಮೇಲೆ ಮಗನದು. ಪ್ರತಿ ಸಲ ಕಿಂಡಿಯ ಕಲ್ಲು ಸರಿಸಿದ್ದಾರೆ, ಮಡಕೆಯಲ್ಲಿ ಏನೋ ತಂದಿಟ್ಟಿದ್ದಾರೆ, ಮುಚ್ಚಿದ್ದಾರೆ. ಹೀಗೆ ಓದಿದರೆ ಅದು ಒಂದು ಮನೆತನದ ಗೂಡು. ಪಿತೃಪಕ್ಷದಲ್ಲಿ ಎಡೆ ಇಡ್ತೀವಲ್ಲ, ಆ ಭಾವನೆಗೆ ಇದು ಎಷ್ಟು ಹತ್ತಿರ, ಪಿರಮಿಡ್ಡಿಗೆ ಎಷ್ಟು ದೂರ ನೋಡಿ.

ಜೊತೆಗಿದ್ದ ಸಾಮಾನು? ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ಮಡಕೆಗಳು. ಕಬ್ಬಿಣದ ಕುಡುಗೋಲು, ಚಾಕು, ಬಾಣದ ಮೊನೆ, ಈಟಿ. ಮಣಿಗಳು. ದಕ್ಷಿಣ ಭಾರತದ ಇಂಥ ಗೋರಿಗಳಲ್ಲಿ ಅಪರೂಪಕ್ಕೆ ಬಂಗಾರದ ಸಣ್ಣ ಮಣಿಗಳು ಸಿಕ್ಕಿದ್ದಿದೆ. ಕೊಪ್ಪರಿಗೆ ಬಂಗಾರ ಯಾವ ಕಾಲಕ್ಕೂ ಇದ್ದದ್ದಲ್ಲ. ಕುಡುಗೋಲು ಇಟ್ಟು ಮಣ್ಣು ಮಾಡಿದ ಜನ ಅವರು, ಬೆಳೆ ಕುಯ್ಯೋರು, ದನ ಕಾಯೋರು. ಇವತ್ತು ಗೌರಸಮುದ್ರದ ಹೊಲದಲ್ಲಿ ಕೂಡ ಕೆಲಸ ಮಾಡೋ ಕುಡುಗೋಲಿನ ಅಜ್ಜ ಅದು.

ಇನ್ನೂ ಕೆಳಗಿನ ಪದರದಲ್ಲಿ, ಕಲ್ಲುಕೊಡಲಿಯ ಜನರ ಕಾಲದಲ್ಲಿ ಸಿಕ್ಕಿದ್ದನ್ನು ಹೇಳದೆ ಇರೋಕಾಗಲ್ಲ. ಸಣ್ಣ ಕೂಸುಗಳನ್ನು ಮಡಕೆಯೊಳಗಿಟ್ಟು, ತಾವು ವಾಸ ಮಾಡುವ ಜಾಗದಲ್ಲೇ ಹೂತಿದ್ದಾರೆ. ದೊಡ್ಡವರನ್ನು ಉದ್ದಕ್ಕೆ ಮಲಗಿಸಿ ಮಣ್ಣು ಮಾಡಿದ್ದಾರೆ, ಕೂಸನ್ನು ಮಾತ್ರ ಮಡಕೆಯಲ್ಲಿ. ತಾಯಿಯ ಹೊಟ್ಟೆ ಹಾಗೆ ದುಂಡಗಿರೋ ಮಡಕೆ ಅಂತ ನನಗನ್ನಿಸುತ್ತೆ, ವಿದ್ವಾಂಸರು ಒಪ್ಪದಿದ್ದರೂ ಪರವಾಗಿಲ್ಲ. ಇವತ್ತಿಗೂ ನಮ್ಮಲ್ಲಿ ಸುಡುವ ಜಾತಿಯವರೂ ಎಳೆ ಮಗು ತೀರಿಕೊಂಡರೆ ಹೂಳ್ತಾರೆ, ಸುಡಲ್ಲ.

ಇಂಥ ಜಾಗಕ್ಕೆ ಹಾರೆ, ಗುದ್ದಲಿ ಹಿಡಿದು ರಾತ್ರಿ ಹೊತ್ತು ಬರ್ತಾರೆ ನಿಧಿಗಳ್ಳರು.

ಇವರ ನಂಬಿಕೆ ಏನು? ಥೇಟ್ ಆ ಗೇಮಿನದೇ. ಹಳೇ ಗೋರಿ ಇದ್ದ ಕಡೆ ಬಂಗಾರ ಇರುತ್ತೆ, ಬಂಗಾರ ಇದ್ದ ಕಡೆ ಕಾವಲು ಇರುತ್ತೆ. ಗೇಮಿನಲ್ಲಿ ಮಮ್ಮಿ, ಇಲ್ಲಿ ಸರ್ಪ ಅಥವಾ ಪಿಶಾಚಿ. ಅಂಜನ ಹಾಕಿ ನೋಡ್ತೀನಿ ಅಂತ ಒಬ್ಬ ಬರ್ತಾನೆ, ಕಾವಲು ಬಿಡಿಸೋಕೆ ರಕ್ತ ಬೇಕು ಅಂತ ಇನ್ನೊಬ್ಬ ಹೇಳ್ತಾನೆ. ಟಿವಿಯವರಿಗೂ ಹೆಡೆ ಎತ್ತಿದ ನಾಗರದ ಗ್ರಾಫಿಕ್ಸ್ ಅಂದ್ರೆ ಬಲು ಪ್ರೀತಿ. ಕಾವಲು ಅನ್ನೋ ಪದ ಒಂದು ಸಲ ತಲೆಗೆ ಹೊಕ್ಕಿತೋ, ಮುಂದಿನ ಹೆಜ್ಜೆ ಬಲಿ. ಹುಡುಗ ಗೇಮಿನಲ್ಲಿ ಬಟನ್ ಒತ್ತಿ ಕಾವಲನ್ನ ಸಾಯಿಸ್ತಾನೆ. ಇವರು ಕಾವಲಿಗೆ ಕೊಡೋಕೆ ಕೋಳಿ ಹುಡುಕ್ತಾರೆ, ಮೇಕೆ ಹುಡುಕ್ತಾರೆ, ಆಮೇಲೆ ಮನುಷ್ಯನನ್ನ ಹುಡುಕ್ತಾರೆ.

ಉತ್ಪ್ರೇಕ್ಷೆ ಅಂದ್ಕೋಬೇಡಿ. 2025ರ ಆರಂಭದಲ್ಲಿ ಇದೇ ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆ ಒಬ್ಬ ಬಡ ದುಡಿಮೆಗಾರನ ಕೊಲೆ ಆಯಿತು. ನಿಧಿ ಸಿಗಬೇಕಾದರೆ ನರಬಲಿ ಕೊಡಬೇಕು ಅಂತ ಜ್ಯೋತಿಷಿ ಹೇಳಿದ್ದೇ ಕಾರಣ ಅನ್ನೋದು ಪೊಲೀಸರ ಆರೋಪ. ಆ ಸುದ್ದಿ ಒಂದೆರಡು ದಿನ ಓಡಿತು, ಆಮೇಲೆ ಬೇರೆ ಸುದ್ದಿ ಬಂತು. ಸತ್ತವನ ಮನೆಯಲ್ಲಿ ಬೇರೆ ಸುದ್ದಿ ಬರಲ್ಲ.

ಕಾನೂನು ಇಲ್ಲವೇ ಅಂದರೆ ಇದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಗೆ 2017ರಲ್ಲಿ ಕರ್ನಾಟಕ ಒಂದು ಕಾಯ್ದೆ ಮಾಡಿತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ನಿಷೇಧಿತ ಕೃತ್ಯಗಳ ಪಟ್ಟಿಯಲ್ಲಿ ನಿಧಿ ಹುಡುಕಾಟಕ್ಕಾಗಿ ಮಾಡುವ ವಾಮಾಚಾರವೂ ಸೇರಿದೆ. ಶಾಸನಸಭೆಯಲ್ಲಿ ಕೂತು ನಿಧಿ ಅಂತ ಬರೆಯಬೇಕಾಗಿ ಬಂತು ಅಂದರೆ ಈ ಪಿಡುಗು ಎಷ್ಟು ಹಬ್ಬಿದೆ ಅಂತ ಊಹಿಸಿ.

ಮನುಷ್ಯರ ಜೀವ ಹೋಗದ ಕಡೆ ಇತಿಹಾಸದ ಜೀವ ಹೋಗುತ್ತೆ. ಬಸವಣ್ಣನ ಮೂರ್ತಿಯ ಹೊಟ್ಟೆ ಒಡೀತಾರೆ, ವೀರಗಲ್ಲು ಬುಡಮೇಲು ಮಾಡ್ತಾರೆ, ಪಾಳು ಗುಡಿಯ ಗರ್ಭಗುಡಿ ಅಗೀತಾರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಮೇಲೆ ಇಂಥ ನೂರಾರು ಗೋರಿಗಳಿವೆ, ನೆಲದ ಮೇಲೇ ಕಲ್ಲುಮನೆ ಹಾಗೆ ನಿಂತಿವೆ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಅಲ್ಲೂ ನಿಧಿಗಳ್ಳರ ಕಾಟ ತಪ್ಪಿಲ್ಲ. ಕಳ್ಳನಿಗೆ ಸಿಗೋದು ನಾಲ್ಕು ಮಡಕೆ ಚೂರು. ಸಿಟ್ಟಿಗೆ ಅದನ್ನೂ ಒಡೆದು ಹೋಗ್ತಾನೆ. ಆ ಚೂರು ಯಾವ ಪದರದಲ್ಲಿತ್ತು, ಯಾವ ಮೂಳೆಯ ಪಕ್ಕ ಇತ್ತು ಅನ್ನೋದೇ ಅದರ ಬೆಲೆ. ಅಲುಗಾಡಿಸಿದ ಮೇಲೆ ವೀಲರ್ ಎದ್ದು ಬಂದರೂ ಅದನ್ನು ಓದಲಾರರು.

ಕೆಲವರು ಹೇಳ್ತಾರೆ, ಹೆದರಿಕೆ ಇದ್ದರೆ ಒಳ್ಳೇದಲ್ವಾ, ದೆವ್ವದ ಭಯಕ್ಕಾದರೂ ಮುಟ್ಟಲ್ಲ ಅಂತ. ನಮ್ಮ ಹಿರಿಯರೂ ಭಯ ಬಳಸಿದ್ದಾರೆ, ಒಪ್ತೀನಿ. ಕನ್ನಡ ಶಾಸನಗಳ ಕೊನೆ ಓದಿ, ಈ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ತಟ್ಟಲಿ ಅನ್ನೋ ಧಾಟಿಯ ಶಾಪ ಸಾಲು ಸಾಲಾಗಿ ಸಿಗುತ್ತೆ. ಓದು ಬರದವರಿಗೆ ಅರ್ಥ ಆಗಲಿ ಅಂತ ಕೆಲವು ಕಲ್ಲಿನ ಮೇಲೆ ಕತ್ತೆಯ ಚಿತ್ರ ಬೇರೆ! ಶಾಪದ ವಿಚಾರದಲ್ಲಿ ಈಜಿಪ್ಟಿನವರು ನಮ್ಮ ಮುಂದೆ ಏನೂ ಅಲ್ಲ. ಆದರೆ ಆ ಶಾಪ ಕಾಯುತ್ತಿದ್ದುದು ಕೆರೆಗೆ ಬಿಟ್ಟ ಗದ್ದೆಯನ್ನ, ಗುಡಿಗೆ ಬಿಟ್ಟ ತೋಟವನ್ನ. ಹೂತ ಬಂಗಾರವನ್ನಲ್ಲ. ಶಾಪದ ಜೊತೆಗೆ ಊರಿನ ಗೌಡ, ಶಾನುಭೋಗ, ಹತ್ತು ಸಮಸ್ತರು ಸಾಕ್ಷಿ ಇರುತ್ತಿದ್ದರು. ಕಾಯೋರು ಅವರೇ.

ಇನ್ನು ಈ ಸೀಮೆಯ ಸತ್ತವರ ವಿಚಾರ. ಚಳ್ಳಕೆರೆ, ಮೊಳಕಾಲ್ಮೂರು ಅಂದರೆ ಮ್ಯಾಸನಾಯಕರ, ಕಾಡುಗೊಲ್ಲರ ನಾಡು. ಇಲ್ಲಿ ಸತ್ತು ದೇವರಾದವರು ಎಷ್ಟು ಜನ! ಹುಲಿಯ ಜೊತೆ ಹೋರಾಡಿದ ಗಾದ್ರಿಪಾಲನಾಯಕನ ಕಥೆ ಈಗಲೂ ಹಾಡಾಗಿ ಉಳಿದಿದೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಇಲ್ಲದೆ ಸಾವಿರಾರು ಪದಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಈ ವೀರರು ಕಾವಲು ಕಾದಿದ್ದು ಯಾವಾಗ? ಬದುಕಿದ್ದಾಗ. ಕಾದಿದ್ದು ಏನನ್ನ? ದನಗಳನ್ನ, ಹಟ್ಟಿಯನ್ನ. ವೀರಗಲ್ಲು ನೋಡಿ, ಕೆಳಗೆ ಕಾದಾಟ, ಮೇಲೆ ಸ್ವರ್ಗ. ಸತ್ತ ಮೇಲೆ ಅವನಿಗೆ ಡ್ಯೂಟಿ ಇಲ್ಲ. ಅವನ ನೆನಪು ಕಾಯೋ ಡ್ಯೂಟಿ ಹಟ್ಟಿಯವರದು. ಮ್ಯಾಸನಾಯಕರು ದೇವರ ಎತ್ತುಗಳ ಹಿಂಡು ಸಾಕ್ತಾರಲ್ಲ, ಅವುಗಳ ಸೇವೆಗೆ ಕಿಲಾರಿ ಅಂತ ಒಬ್ಬ ಇರ್ತಾನೆ. ಆ ಎತ್ತು ಸತ್ತರೂ ಚರ್ಮ ಸುಲಿಯಲ್ಲ, ಮನೆಯ ಹಿರಿಯನಿಗೆ ಮಾಡಿದ ಹಾಗೆ ಮಣ್ಣು ಮಾಡ್ತಾರೆ.

ಜಟಿಂಗರಾಮೇಶ್ವರದ ಸ್ಥಳಪುರಾಣವೂ ಇದನ್ನೇ ಹೇಳೋದು. ಸೀತೆಯನ್ನು ಕಾಯಲು ರಾವಣನ ಮೇಲೆ ಬಿದ್ದ ಜಟಾಯು ಈ ಬೆಟ್ಟದಲ್ಲೇ ಬಿದ್ದ ಅಂತ ಜನ ನಂಬ್ತಾರೆ. ರೆಕ್ಕೆ ಇದ್ದಾಗ ಕಾವಲು, ರೆಕ್ಕೆ ಮುರಿದ ಮೇಲೆ ರಾಮ ಬಂದು ಅವನ ಕ್ರಿಯೆ ಮಾಡಿದ. ಸತ್ತ ಜಟಾಯು ಎದ್ದು ಬಂದು ಯಾರನ್ನೂ ಕಚ್ಚಲಿಲ್ಲ.

ನಾಯಕನಹಟ್ಟಿಯನ್ನು ಮರೆತರೆ ಚಳ್ಳಕೆರೆಯವರು ನನ್ನ ಬಿಡಲ್ಲ. ಕೆರೆ ಕಟ್ಟಿಸಿದ ತಿಪ್ಪೇರುದ್ರಸ್ವಾಮಿಗಳ ಸಮಾಧಿ ಅಲ್ಲಿನ ಹೊರಮಠದಲ್ಲಿದೆ. ಫಾಲ್ಗುಣದ ಜಾತ್ರೆಗೆ ಲಕ್ಷಗಟ್ಟಲೆ ಜನ, ರಾಶಿ ರಾಶಿ ಕೊಬ್ಬರಿ ಸುಡ್ತಾರೆ. ಯಾರಾದರೂ ಆ ಗದ್ದುಗೆ ಮುಂದೆ ನಡುಗುತ್ತಾ ನಿಂತದ್ದು ನೋಡಿದ್ದೀರಾ? ಮಳೆ ಬರಲಿ ತಂದೆ, ಮಗಳ ಮದುವೆ ಆಗಲಿ ತಂದೆ ಅಂತ ಮನೆಯ ಹಿರಿಯನ ಹತ್ತಿರ ಮಾತಾಡಿದ ಹಾಗೆ ಮಾತಾಡ್ತಾರೆ. ಸತ್ತವರ ಜೊತೆ ನಮ್ಮವರ ಸಂಬಂಧ ಅಂಥದು. ಹಾರೆ ಹಿಡಿದು ಬರೋನ ಸಂಬಂ­ಧ ಅದಲ್ಲ.

ಹಾಗಾಗಿ ಗೌರಸಮುದ್ರದ ರೈತ ಅಣ್ಣನಿಗೆ ನಾನು ಹೇಳಿದ್ದು ಹೀಗೆ. ಮಗನಿಗೆ ಗೇಮ್ ಬಿಡು ಅಂತ ಬೈಯಬೇಡಿ. ಒಂದು ಭಾನುವಾರ ಸಿದ್ದಾಪುರಕ್ಕೆ ಕರ್ಕೊಂಡು ಹೋಗಿ. ಅಕ್ಷರಗುಂಡು ತೋರಿಸಿ, ಅದಕ್ಕೆ ಮಾಡು ಕಟ್ಟಿ ಕಾಪಾಡಿದ್ದಾರೆ. ಆಮೇಲೆ ಬಯಲಿಗಿಳಿದು ಕಲ್ಲಿನ ವೃತ್ತಗಳನ್ನು ತೋರಿಸಿ, ಅವಕ್ಕೆ ಮಾಡಿಲ್ಲ. ಕಿಂಡಿ ಇರೋ ಚಪ್ಪಡಿ ಕಂಡರೆ, ಇದು ಬಾಗಿಲು, ಮನೆಯವರು ಬಂದು ಹೋಗ್ತಿದ್ದ ಬಾಗಿಲು ಅಂತ ಹೇಳಿ. ಕಲ್ಲು ಮಾತ್ರ ಕೀಳಬೇಡಿ, ಚೂರು ಮನೆಗೆ ತರಬೇಡಿ.

ಅವರು ಇನ್ನೊಂದು ಕೇಳಿದರು. "ಸಾರ್, ಹೊಲ ಉಳುವಾಗ ಹಳೇ ಮಡಕೆ, ಗಿಡಕೆ ಸಿಕ್ಕಿದ್ರೆ?"

ಸಿಗುತ್ತೆ. ಆ ಭಾಗದಲ್ಲಿ ಸಿಗದೇ ಇದ್ದರೆ ಆಶ್ಚರ್ಯ. ನೇಗಿಲೋ ಟ್ರ್ಯಾಕ್ಟರೋ ಅಲ್ಲೇ ನಿಲ್ಲಿಸಿ. ತಹಶೀಲ್ದಾರರಿಗೋ ಪೊಲೀಸರಿಗೋ ತಿಳಿಸಿ, ಚಿತ್ರದುರ್ಗದ ರಂಗಯ್ಯನಬಾಗಿಲ ಹತ್ತಿರದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಹೇಳಬಹುದು. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು ಅಂತ 1962ರ ನಿಧಿ ಕಾಯ್ದೆ ಇದೆ. ಬಚ್ಚಿಟ್ಟರೆ ಶಿಕ್ಷೆ, ತಿಳಿಸಿದರೆ ಕಾಯ್ದೆ ಪ್ರಕಾರ ನಿಮಗೂ ಹಕ್ಕು. ಹೊಲ ಕಿತ್ಕೊಂಡುಬಿಡ್ತಾರೆ ಅನ್ನೋ ಹೆದರಿಕೆ ರೈತರಲ್ಲಿ ಬಹಳ ಇದೆ, ಎಷ್ಟೋ ಗೋರಿಗಳು ಗುಟ್ಟಾಗಿ ಮಾಯ ಆಗೋದಕ್ಕೆ ಆ ಭಯಾನೂ ಒಂದು ಕಾರಣ. ಅಧಿಕಾರಿಗಳು ನೋಟಿಸ್ ಹಿಡಿದು ಬರೋದಕ್ಕೆ ಮೊದಲು ಊರಿಗೆ ಬಂದು, ಕಟ್ಟೆ ಮೇಲೆ ಕೂತು, ಯಾವುದು ನಿಮ್ಮದು, ಯಾವುದು ಕಾಪಾಡಬೇಕಾದ್ದು ಅಂತ ಕನ್ನಡದಲ್ಲಿ ಬಿಡಿಸಿ ಹೇಳಲಿ. ಅಂಜನದವನು ಬರ್ತಾನೆ, ಕಟ್ಟೆ ಮೇಲೆ ಕೂತ್ಕೊಂಡು ಕನ್ನಡದಲ್ಲೇ ಮಾತಾಡ್ತಾನೆ. ಅವನಿಗಿಂತ ಮೊದಲು ಇಲಾಖೆಯವರು ಬರಬೇಕು.